ಉಳಿದ ನಾಲ್ಕು ಏನು ಹೇಳುತ್ತಿವೆ?

(ಗುಂಪಿಗೆ ಸೇರದ ಚಿತ್ರವನ್ನು ಆರಿಸುವ ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಕೊಟ್ಟ ಉಪನ್ಯಾಸವೊಂದರ ಬರಹ ರೂಪ. ಹಲಗೆಯ ಮೇಲೆ ಬಿಡಿಸಿದ್ದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದೆ. ಪಕ್ಕದಲ್ಲೊಂದು ಕಾಗದ, ಪೆನ್ಸಿಲ್ ಇಟ್ಟುಕೊಂಡು ಓದಿದರೆ ಅನುಕೂಲ.)

ಎಲ್ಲರಿಗೂ ನಮಸ್ಕಾರ.

ಹಲಗೆ ನೋಡಿ. ಎಡದಿಂದ ಬಲಕ್ಕೆ ಸಮಬಾಹು ತ್ರಿಭುಜ, ಚೌಕ, ಸಮ ಪಂಚಭುಜ, ಸಮ ಷಡ್ಭುಜ, ಕೊನೆಯಲ್ಲೊಂದು ವೃತ್ತ. ಗುಂಪಿಗೆ ಸೇರದ್ದು ಯಾವುದು? ವೃತ್ತ. ಇದಕ್ಕೆ ಯೋಚನೆಯೇ ಬೇಡ. ಈಗ ವೃತ್ತವನ್ನು ಅಳಿಸಿ ಅದೇ ಜಾಗದಲ್ಲಿ ಉದ್ದನೆಯ ಆಯತ ಬಿಡಿಸುತ್ತೇನೆ. ಉತ್ತರ ಈಗಲೂ ಐದನೆಯದೇ, ಆದರೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಯತವನ್ನೂ ಅಳಿಸಿ ವಜ್ರಾಕೃತಿ ಹಾಕುತ್ತೇನೆ: ನಾಲ್ಕೂ ಭುಜ ಸಮ, ಎರಡು ಕೋನ ಕಿರಿದು, ಎರಡು ಅಗಲ. ಸಭೆಯಲ್ಲಿ ಗುಜುಗುಜು ಶುರುವಾಯಿತು. ಮುಂದಿನ ಸಾಲಿನವರೊಬ್ಬರು ತ್ರಿಭುಜ ಅಂದರು. ಕರ್ಣವೇ ಇಲ್ಲದ, ಅಂದರೆ ಪಕ್ಕಪಕ್ಕದಲ್ಲಿಲ್ಲದ ಎರಡು ಮೂಲೆಗಳನ್ನು ಸೇರಿಸುವ ಗೆರೆಯೇ ಇಲ್ಲದ ಆಕೃತಿ ಅದೊಂದೇ ಅನ್ನುವುದು ಅವರ ವಾದ. ಅದೇನೂ ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರು ಸಲವೂ ನಾನು ಮೊದಲ ನಾಲ್ಕು ಚಿತ್ರಗಳನ್ನು ಮುಟ್ಟಲಿಲ್ಲ. ಆದರೂ ಅವುಗಳ ಬಗ್ಗೆ ನಾವು ಹೇಳಬೇಕಾದ ಮಾತು ಬದಲಾಗುತ್ತಾ ಹೋಯಿತು. ವೃತ್ತ ಇದ್ದಾಗ “ನಾಲ್ಕೂ ಸರಳರೇಖೆಗಳಿಂದ ಆದವು” ಅಂದರೆ ಸಾಕಿತ್ತು. ಆಯತ ಬಂದಾಗ “ಭುಜಗಳೆಲ್ಲ ಸಮ” ಅನ್ನಬೇಕಾಯಿತು. ವಜ್ರಾಕೃತಿ ಬಂದ ಮೇಲೆ “ಭುಜಗಳೂ ಸಮ, ಕೋನಗಳೂ ಸಮ” ಅಂತ ಇನ್ನಷ್ಟು ಬಿಗಿ ಮಾಡಬೇಕಾಯಿತು. ಹೊರಗಿನದು ಗುಂಪಿಗೆ ಹತ್ತಿರ ಬಂದಷ್ಟೂ ನಿಯಮವನ್ನು ಹೆಚ್ಚು ನಿಖರವಾಗಿ ಹೇಳಬೇಕಾಗುತ್ತದೆ. ಈ ಪ್ರಶ್ನೆಗಳ ಕಷ್ಟವೆಲ್ಲ ಇರುವುದು ಅಲ್ಲೇ.

ಹಾಗಾಗಿ ನನ್ನ ಮಾತು ಇಷ್ಟೇ: ಬೇರೆಯಾದದ್ದನ್ನು ಹುಡುಕಲು ಹೋಗಬೇಡಿ. ನಾಲ್ಕು ಚಿತ್ರಗಳನ್ನು ಒಟ್ಟಿಗೆ ಹಿಡಿದಿರುವ ನಿಯಮ ಯಾವುದು ಅಂತ ನೋಡಿ. ಅದು ಸಿಕ್ಕರೆ ಐದನೆಯದು ತಾನಾಗಿಯೇ ಹೊರಗೆ ಬೀಳುತ್ತದೆ. ಕೇಳಲು ಎರಡೂ ಒಂದೇ ಅನ್ನಿಸಬಹುದು. ಕೂತು ಬಿಡಿಸುವಾಗ ಒಂದೇ ಅಲ್ಲ. “ಬೇರೆಯದು ಯಾವುದು” ಅಂತ ಹೊರಟವರ ಕಣ್ಣು ಎದ್ದು ಕಾಣುವ ಚಿತ್ರದ ಮೇಲೆ ಬೀಳುತ್ತದೆ. ಪ್ರಶ್ನೆ ತಯಾರಿಸುವವರಿಗೂ ಅದು ಗೊತ್ತು. ಅದಕ್ಕೇ ಅವರು ಒಂದು ಚಿತ್ರಕ್ಕೆ ಮಾತ್ರ ಕಪ್ಪು ಬಣ್ಣ ತುಂಬಿರುತ್ತಾರೆ, ಇಲ್ಲವೇ ಒಂದನ್ನು ಓರೆಯಾಗಿ ನಿಲ್ಲಿಸಿರುತ್ತಾರೆ.

ಒಂದು ಉದಾಹರಣೆಯನ್ನು ನಿಧಾನವಾಗಿ ಬಿಡಿಸೋಣ. ಐದು ಚಿತ್ರ. ಪ್ರತಿಯೊಂದರಲ್ಲೂ ದೊಡ್ಡ ಆಕೃತಿಯೊಳಗೆ ಒಂದು ಚಿಕ್ಕ ಆಕೃತಿ. ಮೊದಲನೆಯದು ಚೌಕದೊಳಗೆ ತ್ರಿಭುಜ. ಎರಡನೆಯದು ಪಂಚಭುಜದೊಳಗೆ ಚೌಕ. ಮೂರನೆಯದು ಷಡ್ಭುಜದೊಳಗೆ ಪಂಚಭುಜ. ನಾಲ್ಕನೆಯದು ತ್ರಿಭುಜದೊಳಗೆ ಚೌಕ. ಐದನೆಯದು ಏಳು ಭುಜದ ಆಕೃತಿಯೊಳಗೆ ಷಡ್ಭುಜ.

ಹೊರಗಿನದು ಒಂದೇ ಒಂದು ಅನ್ನುವುದು ನಮಗೆ ಮೊದಲೇ ಗೊತ್ತು. ಇದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಒಂದು-ಎರಡನ್ನು ಒಂದು ಜೋಡಿ, ಮೂರು-ನಾಲ್ಕನ್ನು ಇನ್ನೊಂದು ಜೋಡಿ ಮಾಡಿಕೊಳ್ಳಿ. ಹೊರಗಿನದು ಎರಡೂ ಜೋಡಿಯಲ್ಲಿ ಇರಲು ಸಾಧ್ಯವಿಲ್ಲ. ಅಂದರೆ ಒಂದು ಜೋಡಿಯಂತೂ ಪೂರ್ತಿಯಾಗಿ ಗುಂಪಿಗೆ ಸೇರಿದ್ದು. ಈಗ ಮೊದಲ ಜೋಡಿ ನೋಡಿ: ಎರಡರಲ್ಲೂ ಒಳಗಿನ ಆಕೃತಿಗೆ ಹೊರಗಿನದಕ್ಕಿಂತ ಒಂದು ಭುಜ ಕಡಿಮೆ. ಎರಡನೇ ಜೋಡಿಯಲ್ಲಿ ಷಡ್ಭುಜ-ಪಂಚಭುಜ ಅದೇ ಮಾತು ಹೇಳುತ್ತದೆ, ತ್ರಿಭುಜ-ಚೌಕ ಉಲ್ಟಾ ಹೇಳುತ್ತದೆ. ಐದನೆಯದನ್ನು ಕೇಳಿದರೆ ಅದೂ “ಒಂದು ಕಡಿಮೆ” ಅನ್ನುತ್ತದೆ. ಹಾಗಾದರೆ ನಾಲ್ಕನೆಯದೇ ಉತ್ತರ.

ಇಲ್ಲಿ ಕಾಲು ಜಾರುವ ಜಾಗವೊಂದಿದೆ. “ಒಳಗೂ ಹೊರಗೂ ಒಂದು ಭುಜದ ವ್ಯತ್ಯಾಸ” ಅಂತ ನಿಯಮ ಬರೆದುಕೊಂಡರೆ ಐದೂ ಚಿತ್ರ ಪಾಸಾಗಿಬಿಡುತ್ತವೆ. ಐದಕ್ಕೂ ಹೊಂದುವ ನಿಯಮ ಎಷ್ಟೇ ನಿಜವಾಗಿದ್ದರೂ ನಮ್ಮ ಕೆಲಸಕ್ಕೆ ಬಾರದು. ಮೂರಕ್ಕೆ ಹೊಂದಿ ಎರಡಕ್ಕೆ ಹೊಂದದ ನಿಯಮವೂ ಬೇಡ. ನಾಲ್ಕಕ್ಕೆ ಹೊಂದಿ ಒಂದಕ್ಕೆ ಮಾತ್ರ ಹೊಂದದ್ದು ಬೇಕು. ಈ ನಾಲ್ಕು-ಒಂದು ಅನ್ನುವ ಲೆಕ್ಕವನ್ನು ನೆನಪಿಟ್ಟುಕೊಂಡಿರಿ, ಇನ್ನೊಂದು ಕಡೆ ಬೇಕಾಗುತ್ತದೆ.

ಏನೇನನ್ನು ಗಮನಿಸಬೇಕು ಅಂತ ಕೇಳುವವರಿಗೆ ನಾನು ದೊಡ್ಡ ಪಟ್ಟಿ ಕೊಡುವುದಿಲ್ಲ. ತಯಾರಿ ಪುಸ್ತಕಗಳಲ್ಲಿ ಮೂವತ್ತು ನಲವತ್ತು ಅಂಶಗಳ ಪಟ್ಟಿಗಳಿರುತ್ತವೆ, ಅವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಟ್ಟಿಯನ್ನೇ ಹುಡುಕುತ್ತಾ ಕೂರುತ್ತಾರೆ. ಎಣಿಸಲು ಸಾಧ್ಯವಿದ್ದದ್ದನ್ನು ಮೊದಲು ಎಣಿಸಿ: ಭುಜ, ಚುಕ್ಕೆ, ಗೆರೆ, ಗೆರೆಗಳು ಒಂದನ್ನೊಂದು ಕತ್ತರಿಸುವ ಬಿಂದು, ಮುಚ್ಚಿದ ಕೋಣೆಗಳು. ಎಣಿಕೆ ಅಗ್ಗದ ಕೆಲಸ, ತಪ್ಪುವುದೂ ಕಡಿಮೆ. ಅದರಿಂದ ಏನೂ ಹೊರಡದಿದ್ದರೆ ಭಾಗಗಳ ನಡುವಿನ ಸಂಬಂಧ ನೋಡಿ. ಈಗ ತಾನೇ ನೋಡಿದ ಚಿತ್ರದ ಹಾಗೆ, ಒಂದೊಂದು ಆಕೃತಿಯನ್ನು ಬಿಡಿಯಾಗಿ ನೋಡಿದರೆ ಏನೂ ಕಾಣದು, ಒಳಗಿನದಕ್ಕೂ ಹೊರಗಿನದಕ್ಕೂ ಇರುವ ನಂಟಿನಲ್ಲಿ ನಿಯಮ ಇರುತ್ತದೆ. ಅಲ್ಲೂ ಸಿಗದಿದ್ದರೆ ತಿರುಗುವಿಕೆ, ಕನ್ನಡಿ ಬಿಂಬ. ಈ ಕೊನೆಯದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನವರು ಸೋಲುವುದು ಅಲ್ಲೇ.

ನಾಲ್ಕು ಚೌಕ ಬಿಡಿಸಿದ್ದೇನೆ. ಪ್ರತಿ ಚೌಕದ ಮೂರು ಮೂಲೆಗಳಲ್ಲಿ ಮೂರು ಗುರುತು: ಒಂದು ಕಪ್ಪು ಚುಕ್ಕೆ, ಒಂದು ಕೂಡುವ ಚಿಹ್ನೆ, ಒಂದು ಸಣ್ಣ ಸೊನ್ನೆ. ನಾಲ್ಕನೇ ಮೂಲೆ ಖಾಲಿ.

ಮೊದಲ ಚೌಕ: ಮೇಲೆ ಎಡಕ್ಕೆ ಖಾಲಿ, ಮೇಲೆ ಬಲಕ್ಕೆ ಚುಕ್ಕೆ, ಕೆಳಗೆ ಬಲಕ್ಕೆ ಕೂಡುವ ಚಿಹ್ನೆ, ಕೆಳಗೆ ಎಡಕ್ಕೆ ಸೊನ್ನೆ. ಎರಡನೆಯದು: ಮೇಲೆ ಬಲಕ್ಕೆ ಖಾಲಿ, ಕೆಳಗೆ ಬಲಕ್ಕೆ ಚುಕ್ಕೆ, ಕೆಳಗೆ ಎಡಕ್ಕೆ ಕೂಡುವ ಚಿಹ್ನೆ, ಮೇಲೆ ಎಡಕ್ಕೆ ಸೊನ್ನೆ. ಮೂರನೆಯದು: ಕೆಳಗೆ ಬಲಕ್ಕೆ ಖಾಲಿ, ಕೆಳಗೆ ಎಡಕ್ಕೆ ಸೊನ್ನೆ, ಮೇಲೆ ಎಡಕ್ಕೆ ಕೂಡುವ ಚಿಹ್ನೆ, ಮೇಲೆ ಬಲಕ್ಕೆ ಚುಕ್ಕೆ. ನಾಲ್ಕನೆಯದು: ಕೆಳಗೆ ಎಡಕ್ಕೆ ಖಾಲಿ, ಮೇಲೆ ಎಡಕ್ಕೆ ಚುಕ್ಕೆ, ಮೇಲೆ ಬಲಕ್ಕೆ ಕೂಡುವ ಚಿಹ್ನೆ, ಕೆಳಗೆ ಬಲಕ್ಕೆ ಸೊನ್ನೆ.

ಎಣಿಸಿದರೆ ಎಲ್ಲ ಸಮ. ಯಾವುದರ ಎದುರು ಯಾವುದಿದೆ ಅಂತ ನೋಡಿದರೂ ಸಮ. ನಾಲ್ಕರಲ್ಲೂ ಖಾಲಿ ಮೂಲೆಯ ಎದುರಿಗೆ ಕೂಡುವ ಚಿಹ್ನೆಯೇ ಇದೆ. ಅಕ್ಕಪಕ್ಕ ಯಾರಿದ್ದಾರೆ ಅಂತ ಕೇಳಿದರೂ ಅದೇ ಉತ್ತರ. ಇಲ್ಲಿ ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಎರಡನೇ ಚೌಕವನ್ನು ಮನಸ್ಸಿನಲ್ಲೇ ತಿರುಗಿಸಿ ಮೊದಲನೆಯದರ ಮೇಲೆ ಕೂರಿಸಲು ಹೋಗುತ್ತೇವೆ. ಕೆಲವರು ಪ್ರಶ್ನೆಪತ್ರಿಕೆಯನ್ನೇ ತಿರುಗಿಸುತ್ತಾರೆ, ಇನ್ನು ಕೆಲವರು ಕತ್ತನ್ನು ವಾಲಿಸುತ್ತಾರೆ.

ಮನಸ್ಸಿನಲ್ಲಿ ತಿರುಗಿಸುವುದಕ್ಕೆ ನಿಜವಾಗಿಯೂ ಸಮಯ ಹಿಡಿಯುತ್ತದೆ. 1971ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಸ್ಲರ್ ಇದನ್ನು ಅಳೆದರು. ಘನಗಳನ್ನು ಜೋಡಿಸಿ ಮಾಡಿದಂಥ ವಸ್ತುಗಳ ಚಿತ್ರಗಳನ್ನು ಎರಡೆರಡಾಗಿ ತೋರಿಸಿ, ಎರಡೂ ಒಂದೇ ವಸ್ತುವೋ ಅಥವಾ ಒಂದು ಇನ್ನೊಂದರ ಕನ್ನಡಿ ಬಿಂಬವೋ ಎಂದು ಕೇಳಿದರು. ಎರಡರ ನಡುವಿನ ಕೋನ ಹೆಚ್ಚಿದಷ್ಟೂ ಉತ್ತರಕ್ಕೆ ಹಿಡಿಯುವ ಸಮಯ ಸರಳರೇಖೆಯಂತೆ ಏರುತ್ತಾ ಹೋಯಿತು. ಸುಮಾರು ಸೆಕೆಂಡಿಗೆ 60 ಡಿಗ್ರಿ ಲೆಕ್ಕ. ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ ಹಾಗೇ.

ಅಂದರೆ ಮನಸ್ಸಿನಲ್ಲಿ ತಿರುಗಿಸುವುದು ದುಬಾರಿ ದಾರಿ. ಅದರ ಬದಲು ಹೀಗೆ ಮಾಡಿ. ಖಾಲಿ ಮೂಲೆಯ ಮೇಲೆ ಬೆರಳಿಡಿ. ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಒಂದು ಮೂಲೆ ಮುಂದೆ ಹೋಗಿ. ಅಲ್ಲೇನಿದೆ? ಮೊದಲನೆಯದರಲ್ಲಿ ಚುಕ್ಕೆ. ಎರಡನೆಯದರಲ್ಲಿ ಚುಕ್ಕೆ. ಮೂರನೆಯದರಲ್ಲಿ ಸೊನ್ನೆ. ನಾಲ್ಕನೆಯದರಲ್ಲಿ ಮತ್ತೆ ಚುಕ್ಕೆ. ಮುಗಿಯಿತು, ಮೂರನೆಯದೇ ಕನ್ನಡಿ ಬಿಂಬ. ನಾವು ಏನನ್ನೂ ತಿರುಗಿಸಲಿಲ್ಲ. ಆಕೃತಿಯನ್ನು ಎಷ್ಟು ಬೇಕಾದರೂ ತಿರುಗಿಸಿ, ಸುತ್ತುವ ಕ್ರಮ ಮಾತ್ರ ಬದಲಾಗದು. ಕನ್ನಡಿ ಹಿಡಿದರೆ ಅದು ಉಲ್ಟಾ ಆಗುತ್ತದೆ. ಗುರುತುಗಳಿಲ್ಲದ ಆಕೃತಿಯಾದರೆ ಅದರ ಅತಿ ಉದ್ದದ ಗೆರೆಯ ತುದಿಯನ್ನೋ ಒಂದೇ ಒಂದು ಚೂಪು ಮೂಲೆಯನ್ನೋ ಖಾಲಿ ಮೂಲೆಯ ಹಾಗೆ ಬಳಸಿಕೊಳ್ಳಬಹುದು.

ಕನ್ನಡಿ ಪರೀಕ್ಷೆ ಎಲ್ಲ ಕಡೆಯೂ ಬೇಕಿಲ್ಲ. ಆಕೃತಿಯನ್ನು ಮಧ್ಯಕ್ಕೆ ಮಡಚಿದಾಗ ಎರಡು ಭಾಗ ಸರಿಯಾಗಿ ಕೂಡುವುದಾದರೆ, ಅಂದರೆ ಅದಕ್ಕೊಂದು ಸಮಮಿತಿ ರೇಖೆ ಇದ್ದರೆ, ಅದರ ಕನ್ನಡಿ ಬಿಂಬವೂ ಅದೇ ಆಕೃತಿ. ಟೆಟ್ರಿಸ್ ಆಟ ಗೊತ್ತಿರುವವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿದರೆ ಸಿಗುವ ಆಕೃತಿಗಳು ಐದೇ. ಆದರೆ ಆಟದಲ್ಲಿ ಬೀಳುವ ತುಂಡುಗಳು ಏಳು. ಏಕೆಂದರೆ ಆಟದಲ್ಲಿ ತುಂಡನ್ನು ತಿರುಗಿಸಬಹುದು, ಮಗುಚಲು ಬರುವುದಿಲ್ಲ. ಉದ್ದನೆಯ ಕಂಬ, ದೊಡ್ಡ ಚೌಕ, ನಡುವೆ ಮೊಳಕೆ ಬಂದಂತಿರುವ ತುಂಡು, ಈ ಮೂರಕ್ಕೂ ಸಮಮಿತಿ ರೇಖೆ ಇದೆ. ಕನ್ನಡಿಯಿಂದ ಹೊಸದೇನೂ ಹುಟ್ಟದು. ಉಳಿದೆರಡಕ್ಕೆ ಇಲ್ಲ. ಹಾಗಾಗಿ ಅವು ಎಡಗೈ ಬಲಗೈ ಎಂಬಂತೆ ಜೋಡಿಯಾಗಿ ಬರುತ್ತವೆ. ಮೂರು ಮತ್ತು ನಾಲ್ಕು, ಏಳು.

ಈಗ ತ್ರಿಭುಜ ಅಂದವರ ಹತ್ತಿರ ಬರೋಣ. ಅವರ ವಾದ ತಪ್ಪಲ್ಲ ಅಂದೆ. ಕರ್ಣಗಳ ಸಂಖ್ಯೆ ತ್ರಿಭುಜಕ್ಕೆ 0, ಚೌಕಕ್ಕೂ ವಜ್ರಾಕೃತಿಗೂ 2, ಪಂಚಭುಜಕ್ಕೆ 5, ಷಡ್ಭುಜಕ್ಕೆ 9. ಕರ್ಣ ಇಲ್ಲದ್ದು ನಿಜವಾಗಿ ತ್ರಿಭುಜ ಒಂದೇ. ಇದೂ ನಾಲ್ಕು-ಒಂದು ವಿಭಜನೆಯೇ. ಹಾಗಾದರೆ ಯಾರು ಸರಿ?

ಇನ್ನೂ ಕೆಟ್ಟ ಉದಾಹರಣೆ ಕೊಡುತ್ತೇನೆ. ಚೌಕ, ಆಯತ, ವಜ್ರಾಕೃತಿ, ಗಾಳಿಪಟದ ಆಕೃತಿ, ಸಮಾಂತರ ಚತುರ್ಭುಜ. ಮಡಚಿ ನೋಡಿದರೆ ಸಮಾಂತರ ಚತುರ್ಭುಜ ಹೊರಗೆ. ಅದನ್ನು ಯಾವ ಗೆರೆಯ ಮೇಲೆ ಮಡಚಿದರೂ ಎರಡು ಭಾಗ ಕೂಡುವುದಿಲ್ಲ. ಎದುರು ಭುಜಗಳು ಸಮಾಂತರವೇ ಎಂದು ಕೇಳಿದರೆ ಗಾಳಿಪಟ ಹೊರಗೆ. ಎರಡೂ ಶಾಲೆಯಲ್ಲಿ ಕಲಿಸಿದ ಗುಣಗಳೇ, ಎರಡೂ ಅಷ್ಟೇ ತೂಕದವು. ಇಂಥ ಪ್ರಶ್ನೆ ಪತ್ರಿಕೆಯಲ್ಲಿ ಬಂದರೆ ತಪ್ಪು ವಿದ್ಯಾರ್ಥಿಯದಲ್ಲ, ಪ್ರಶ್ನೆ ತಯಾರಿಸಿದವರದು.

ಇದನ್ನು ಸರಿಪಡಿಸಬಹುದು. ಚೌಕ, ವಜ್ರಾಕೃತಿ ಎರಡನ್ನೂ ತೆಗೆಯಿರಿ. ಎರಡು ಬೇರೆ ಬೇರೆ ಅಳತೆಯ ಆಯತ, ಎರಡು ಬೇರೆ ಬೇರೆ ಅಳತೆಯ ಗಾಳಿಪಟ, ಒಂದು ಸಮಾಂತರ ಚತುರ್ಭುಜ ಇಡಿ. ಗಾಳಿಪಟಗಳಲ್ಲಿ ಲಂಬಕೋನ ಬಾರದ ಹಾಗೆ ನೋಡಿಕೊಳ್ಳಿ. ಈಗ ಸಮಾಂತರದ ಪ್ರಶ್ನೆ ಕೇಳಿದರೆ ಮೂರು-ಎರಡು. ಲಂಬಕೋನದ ಪ್ರಶ್ನೆ ಕೇಳಿದರೆ ಎರಡು-ಮೂರು. ಪಕ್ಕಪಕ್ಕದ ಭುಜ ಸಮವೇ ಎಂದು ಕೇಳಿದರೂ ಎರಡು-ಮೂರು. ಅರ್ಧ ಸುತ್ತು ತಿರುಗಿಸಿದರೆ ಮೊದಲಿನಂತೇ ಕಾಣುತ್ತದೆಯೇ ಎಂದರೆ ಮತ್ತೆ ಮೂರು-ಎರಡು. ಮಡಚುವ ಪ್ರಶ್ನೆಯೊಂದೇ ನಾಲ್ಕು-ಒಂದಾಗಿ ಒಡೆಯುತ್ತದೆ. ಒಳ್ಳೆಯ ಪ್ರಶ್ನೆಯನ್ನು ಹೀಗೆಯೇ ಕಟ್ಟುವುದು: ಬೇಕಾದ ನಿಯಮ ಬಿಟ್ಟು ಉಳಿದ ಗುಣಗಳೆಲ್ಲ ಮೂರು-ಎರಡಾಗಿ ಒಡೆಯಬೇಕು. ಬಿಡಿಸುವವರಿಗೂ ಇದರಿಂದ ಒಂದು ಸುಳಿವು ಸಿಗುತ್ತದೆ. ಮೂರು ಚಿತ್ರದಲ್ಲಿ ಬಿಳಿ, ಎರಡರಲ್ಲಿ ಕಪ್ಪು ಕಂಡರೆ ಬಣ್ಣವನ್ನು ಅಲ್ಲಿಗೇ ಕೈಬಿಡಬಹುದು, ಅದು ಗಮನ ತಪ್ಪಿಸಲು ಹಾಕಿದ್ದು.

ಈ ಎರಡು ಉತ್ತರಗಳ ಕಿರಿಕಿರಿಯನ್ನೇ ಹಾಸ್ಯ ಮಾಡುವ ಒಂದು ಪ್ರಶ್ನೆ ಇದೆ, ಗಣಿತಪ್ರಿಯರ ನಡುವೆ ಪ್ರಸಿದ್ಧ. ನನ್ನದೇ ಚಿತ್ರಗಳಲ್ಲಿ ಹೇಳುತ್ತೇನೆ. ಮೊದಲನೆಯದು ದೊಡ್ಡ ಚೌಕ, ಒಳಗೆ ಬಿಳಿ, ಅಂಚು ದಪ್ಪ. ಎರಡನೆಯದು ಎಲ್ಲ ಅದರ ಹಾಗೇ, ಆದರೆ ಚೌಕದ ಬದಲು ವೃತ್ತ. ಮೂರನೆಯದು ಎಲ್ಲ ಮೊದಲನೆಯದರ ಹಾಗೇ, ಗಾತ್ರ ಮಾತ್ರ ಚಿಕ್ಕದು. ನಾಲ್ಕನೆಯದೂ ಮೊದಲನೆಯದರ ಹಾಗೇ, ಒಳಗೆ ಮಾತ್ರ ಕಪ್ಪು. ಐದನೆಯದೂ ಹಾಗೇ, ಅಂಚು ಮಾತ್ರ ತೆಳು. ವೃತ್ತ ಒಂದೇ ಇದೆ, ಚಿಕ್ಕದು ಒಂದೇ ಇದೆ, ಕಪ್ಪು ಒಂದೇ, ತೆಳು ಅಂಚಿನದೂ ಒಂದೇ. ನಾಲ್ಕೂ ತಮ್ಮತಮ್ಮ ರೀತಿಯಲ್ಲಿ ಬೇರೆ. ಯಾವ ವಿಷಯದಲ್ಲೂ ಬೇರೆಯಾಗದೆ ಉಳಿದದ್ದು ಮೊದಲನೆಯದು ಮಾತ್ರ. ಹಾಗಾದರೆ ಗುಂಪಿಗೆ ಸೇರದ್ದು ಅದೇ!

ನಗು ಬರುತ್ತದೆ, ಆದರೆ ಇದರ ಹಿಂದೆ ಗಂಭೀರವಾದ ಗಣಿತವೂ ಇದೆ. 1969ರಲ್ಲಿ ಸತೋಸಿ ವತನಬೆ ಎಂಬ ವಿಜ್ಞಾನಿ ಒಂದು ಪ್ರಮೇಯ ಕೊಟ್ಟರು. ಕುರೂಪಿ ಬಾತುಮರಿಯ ಪ್ರಮೇಯ ಎಂದು ಅದರ ಹೆಸರು. ನಮ್ಮ ಐದು ಚಿತ್ರಗಳಿಗೇ ಅನ್ವಯಿಸಿ ನೋಡೋಣ. ಒಂದು ಗುಣ ಎಂದರೇನು? ಐದರಲ್ಲಿ ಕೆಲವನ್ನು ಒಳಗೆ ಹಾಕಿ ಉಳಿದವನ್ನು ಹೊರಗಿಡುವ ಒಂದು ಬೇಲಿ, ಅಷ್ಟೇ. ಪ್ರತಿ ಚಿತ್ರವೂ ಒಳಗಿರಬಹುದು ಅಥವಾ ಹೊರಗಿರಬಹುದು. ಹಾಗಾಗಿ ಎರಡನ್ನು ಐದು ಸಲ ಗುಣಿಸಿದರೆ ಒಟ್ಟು 32 ಬೇಲಿಗಳು. ಈಗ ಯಾವುದಾದರೂ ಎರಡು ಚಿತ್ರ ತೆಗೆದುಕೊಳ್ಳಿ. ಇವೆರಡೂ ಒಳಗಿರುವ ಬೇಲಿಗಳು ಎಷ್ಟು? ಉಳಿದ ಮೂರು ಚಿತ್ರ ಒಳಗೋ ಹೊರಗೋ ಎಂಬುದಷ್ಟೇ ಬಾಕಿ. ಎರಡೆರಡಲೆ ನಾಲ್ಕು, ನಾಲ್ಕೆರಡಲೆ ಎಂಟು. ಯಾವ ಎರಡನ್ನು ತೆಗೆದುಕೊಂಡರೂ ಉತ್ತರ ಎಂಟೇ. ಅಂದರೆ ಎಲ್ಲ ಗುಣಗಳಿಗೂ ಒಂದೇ ಬೆಲೆ ಕೊಟ್ಟರೆ, ಯಾವ ಎರಡು ಚಿತ್ರಗಳೂ ಬೇರೆ ಎರಡಕ್ಕಿಂತ ಹೆಚ್ಚು ಹೋಲುವುದಿಲ್ಲ. ಚೌಕ ಆಯತಕ್ಕೆ ಎಷ್ಟು ಹತ್ತಿರವೋ ವೃತ್ತಕ್ಕೂ ಅಷ್ಟೇ ಹತ್ತಿರ.

ಇದನ್ನು ಮೊದಲ ಸಲ ಕೇಳಿದವರಿಗೆ ಒಪ್ಪಲು ಕಷ್ಟ. ಎಲ್ಲೋ ಮೋಸವಿದೆ ಅನ್ನಿಸುತ್ತದೆ. ಮೋಸ ಇಲ್ಲ. ಹೋಲಿಕೆ ಎನ್ನುವುದು ಚಿತ್ರಗಳಲ್ಲಿ ತಾನಾಗಿ ಇರುವುದಿಲ್ಲ, ಕೆಲವು ಗುಣಗಳಿಗೆ ನಾವು ಹೆಚ್ಚು ಬೆಲೆ ಕಟ್ಟುವುದರಿಂದ ಬರುತ್ತದೆ ಎಂದಷ್ಟೇ ಪ್ರಮೇಯ ಹೇಳುತ್ತದೆ. “ಭುಜಗಳು ಸಮ” ಎಂಬ ಬೇಲಿಗೆ ನಾವು ಬೆಲೆ ಕೊಡುತ್ತೇವೆ. “ಒಂದನೆಯದು, ನಾಲ್ಕನೆಯದು ಮತ್ತು ಐದನೆಯದು” ಎಂಬ ಬೇಲಿಗೆ ಕೊಡುವುದಿಲ್ಲ. ಯಾಕೆ? ಮೊದಲನೆಯದನ್ನು ಒಂದು ಸಣ್ಣ ಮಾತಿನಲ್ಲಿ ಹೇಳಬಹುದು. ಎರಡನೆಯದಕ್ಕೆ ಚಿತ್ರಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಬೇಕು.

ಕರ್ಣದ ವಾದಕ್ಕೂ ಈ ಅಳತೆಗೋಲನ್ನೇ ಹಿಡಿಯಬಹುದು. “ತ್ರಿಭುಜಕ್ಕೆ ಕರ್ಣ ಇಲ್ಲ” ಅಂದಾಗ ಹೊರಗಿನದನ್ನು ವರ್ಣಿಸಿದಂತಾಯಿತು. ಉಳಿದ ನಾಲ್ಕರ ಬಗ್ಗೆ ಏನು ಹೇಳಿದಂತಾಯಿತು? “ಅವಕ್ಕೆ ಕರ್ಣ ಇದೆ” ಎಂದು. ಮೂರಕ್ಕಿಂತ ಹೆಚ್ಚು ಭುಜ ಇರುವ ಪ್ರತಿ ಬಹುಭುಜಾಕೃತಿಗೂ ಕರ್ಣ ಇದ್ದೇ ಇರುತ್ತದೆ, ಅದು ಹೇಳಿಕೊಳ್ಳುವಂಥ ನಂಟಲ್ಲ. “ಭುಜವೂ ಕೋನವೂ ಸಮ” ಎಂದಾಗ ನಾಲ್ಕು ಚಿತ್ರಗಳ ಬಗ್ಗೆ ಬಹಳಷ್ಟು ಹೇಳಿದಂತಾಯಿತು. ಕೈಗೆ ಬಂದಂತೆ ಗೀಚಿದ ಚತುರ್ಭುಜಕ್ಕೆ ಆ ಗುಣ ಅಪ್ಪಿತಪ್ಪಿಯೂ ಬರುವುದಿಲ್ಲ. ನಾಲ್ಕೂ ಚಿತ್ರಗಳಲ್ಲಿ ಅದು ಆಕಸ್ಮಿಕವಾಗಿ ಕೂಡಿಬಂತು ಎಂದರೆ ನಂಬಲಾಗದು. ಅದಕ್ಕೇ ಆ ನಿಯಮಕ್ಕೆ ಹೆಚ್ಚು ಬಲ. ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ: ಯಾವ ನಿಯಮ ನಾಲ್ಕಕ್ಕೆ ಆಕಸ್ಮಿಕವಾಗಿ ಬರಲು ಹೆಚ್ಚು ಕಷ್ಟ?

ಕೆಲವು ಗುಣಗಳಿಗೆ ಬೆಲೆ ಕಟ್ಟುವ ಈ ಅಭ್ಯಾಸ ಶಾಲೆಯಿಂದ ಬಂದದ್ದೇ? ಇದನ್ನು ಪರೀಕ್ಷಿಸಲು ಬಳಸಿದ್ದೂ ಗುಂಪಿಗೆ ಸೇರದ ಚಿತ್ರಗಳನ್ನೇ. 2006ರಲ್ಲಿ ನರವಿಜ್ಞಾನಿ ಸ್ಟನಿಸ್ಲಾಸ್ ಡಹಾನ್ ಮತ್ತು ಸಂಗಡಿಗರು ಅಮೆಜಾನ್ ಕಾಡಿನ ಮುಂಡುರುಕು ಜನರೊಂದಿಗೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ಶಾಲೆಯ ಒಡನಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ರೇಖಾಗಣಿತದ ಪದಗಳೂ ಅವರ ಭಾಷೆಯಲ್ಲಿ ಬಹಳ ಕಡಿಮೆ. ಒಂದೊಂದು ಹಾಳೆಯಲ್ಲಿ ಆರು ಚಿತ್ರ. ಐದರಲ್ಲಿ ಒಂದು ಗುಣ, ಆರನೆಯದರಲ್ಲಿ ಅದಿಲ್ಲ. ಸಮಾಂತರ ರೇಖೆ, ಲಂಬಕೋನ, ಮುಚ್ಚಿದ ಆಕೃತಿ, ಹೀಗೆ ಒಟ್ಟು 43 ಹಾಳೆ. ಕಣ್ಣುಮುಚ್ಚಿ ಬೆರಳಿಟ್ಟರೆ ಆರಕ್ಕೆ ಒಂದು ಸರಿಯಾಗಬೇಕು, ಅಂದರೆ ನೂರಕ್ಕೆ ಸುಮಾರು 17. ಮುಂಡುರುಕು ಜನ ಸರಾಸರಿ ನೂರಕ್ಕೆ ಸುಮಾರು 67 ಸರಿ ಹೇಳಿದರು. ಅವರಿಗೆ ಕೈಕೊಟ್ಟದ್ದು ಮುಖ್ಯವಾಗಿ ಕನ್ನಡಿ ಬಿಂಬ, ತಿರುಗುವಿಕೆಯಂಥ ಹಾಳೆಗಳು. ಅಮೆರಿಕದಲ್ಲಿ ಪರೀಕ್ಷಿಸಿದವರಿಗೂ ಹೆಚ್ಚುಕಡಿಮೆ ಅವರಿಗೆ ಕಷ್ಟವಾದ ಹಾಳೆಗಳೇ ಕಷ್ಟವಾದವು. ಹಾಗಾಗಿ ನಾಲ್ಕು ಮೂಲೆಯ ಚೌಕದ ಹತ್ತಿರ ತಲೆ ಕೆರೆದುಕೊಂಡವರು ಬೇಸರ ಮಾಡಿಕೊಳ್ಳಬೇಕಿಲ್ಲ.

2021ರಲ್ಲಿ ಇದೇ ಬಗೆಯ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಈ ಸಲ ಬಬೂನ್ ಕೋತಿಗಳೂ ಇದ್ದವು. ಚೌಕದಿಂದ ಹಿಡಿದು ಪೂರ್ತಿ ಅಡ್ಡಾದಿಡ್ಡಿ ಆಕೃತಿಯವರೆಗೆ 11 ಬಗೆಯ ಚತುರ್ಭುಜ. ಒಂದೇ ಬಗೆಯ ಐದು, ಒಂದು ಮೂಲೆಯನ್ನು ಸ್ವಲ್ಪ ಜರುಗಿಸಿದ ಇನ್ನೊಂದು. ಗಾತ್ರ, ನಿಲುವು ಬೇರೆ ಬೇರೆ. ಮನುಷ್ಯರಿಗೆ ಚೌಕಗಳ ನಡುವೆ ಕೆಟ್ಟ ಚೌಕವನ್ನು ಹಿಡಿಯುವುದು ಸುಲಭ, ಅಡ್ಡಾದಿಡ್ಡಿ ಚತುರ್ಭುಜಗಳ ನಡುವೆ ಅಷ್ಟೇ ಜರುಗಿಸಿದ್ದನ್ನು ಹಿಡಿಯುವುದು ಕಷ್ಟ. ದೊಡ್ಡವರಿಗೂ, ಶಾಲೆಗೆ ಈಗಷ್ಟೇ ಕಾಲಿಟ್ಟ ಮಕ್ಕಳಿಗೂ, ನಮೀಬಿಯಾದ ಹಿಂಬಾ ಜನರಿಗೂ ಹೀಗೇ. ಬಬೂನ್‌ಗಳಿಗೆ ಆಟ ಚೆನ್ನಾಗಿ ಬರುತ್ತಿತ್ತು, ಬೇರೆ ಬಗೆಯ ಚಿತ್ರಗಳಲ್ಲಿ ಹೊರಗಿನದನ್ನು ಸರಿಯಾಗಿಯೇ ಆರಿಸುತ್ತಿದ್ದವು. ಆದರೆ ಚತುರ್ಭುಜ ಚೌಕವಾದರೇನು, ಸೊಟ್ಟಗಿದ್ದರೇನು, ಅವಕ್ಕೆ ಅದರಿಂದ ಯಾವ ಸಹಾಯವೂ ಆಗಲಿಲ್ಲ. ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಸಂಗತಿ ಇದು. ಲಂಬಕೋನ, ಸಮಾಂತರ, ಸಮಭುಜ ಅನ್ನುವ ಬೇಲಿಗಳಿಗೆ ಬೆಲೆ ಕಟ್ಟುವ ಗುಣ ನಮ್ಮಲ್ಲಿ ಬಹಳ ಆಳದಲ್ಲಿದೆ.

ಒಂದು ಬೇರೆ ಜಾತಿಯ ನಿಯಮವನ್ನೂ ಹೇಳಿಬಿಡುತ್ತೇನೆ, ಕಠಿಣ ಪ್ರಶ್ನೆಗಳಲ್ಲಿ ಬರುತ್ತದೆ. ಒಂದು ಕರ್ಣ ಎಳೆದ ಚೌಕ, ಎರಡೂ ಕರ್ಣ ಎಳೆದ ಚೌಕ, ವ್ಯಾಸ ಎಳೆದ ವೃತ್ತ, ಒಂದರ ಮೇಲೊಂದು ಅರ್ಧ ಬಿದ್ದಿರುವ ಚೌಕ ಮತ್ತು ವೃತ್ತ, ಐದು ಮೂಲೆಯ ನಕ್ಷತ್ರ. ಎಣಿಕೆ, ಸಮಮಿತಿ ಯಾವುದಕ್ಕೂ ಇದು ಬಗ್ಗದು. ಪೆನ್ಸಿಲ್ ಎತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಹೋಗದೆ ಬಿಡಿಸಿ ನೋಡಿ. ಎರಡು ಕರ್ಣದ ಚೌಕ ಒಂದು ಮಾತ್ರ ಆಗುವುದಿಲ್ಲ. ಪ್ರಯತ್ನ ಮಾಡಿಯೇ ತಿಳಿಯಬೇಕಿಲ್ಲ. ಬೆಸ ಸಂಖ್ಯೆಯ ಗೆರೆಗಳು ಕೂಡುವ ಬಿಂದುಗಳನ್ನು ಎಣಿಸಿ. ಅಂಥವು 0 ಅಥವಾ 2 ಇದ್ದರೆ ಒಂದೇ ಎಳೆತದಲ್ಲಿ ಬಿಡಿಸಬಹುದು, ಹೆಚ್ಚಿದ್ದರೆ ಇಲ್ಲ. ಎರಡು ಕರ್ಣದ ಚೌಕದಲ್ಲಿ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಗೆರೆ. ಒಂದು ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿ ಬರಬಹುದೇ ಎಂಬ ಪ್ರಶ್ನೆಯನ್ನು ಬಿಡಿಸಿದ 1736ರ ಲೇಖನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕಂಡ ವಿಚಾರವೇ ಇದು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

“ಒಂದೇ ಉತ್ತರ ಬರುವ ಹಾಗೆ ಈ ಪ್ರಶ್ನೆಗಳನ್ನು ಮಾಡಲು ಸಾಧ್ಯವೇ ಇಲ್ಲವೇ ಸರ್?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಪೂರ್ತಿಯಾಗಿ ಸಾಧ್ಯವಿಲ್ಲ, ಆದರೆ ಬಹಳ ಹತ್ತಿರ ಹೋಗಬಹುದು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬೊಂಗಾರ್ಡ್ 1967ರಲ್ಲಿ ನೂರು ಚಿತ್ರ ಸಮಸ್ಯೆಗಳನ್ನು ಪ್ರಕಟಿಸಿದರು. ಯಂತ್ರಗಳಿಗೆ ಆಕೃತಿ ಗುರುತಿಸಲು ಕಲಿಸುವುದು ಹೇಗೆ ಎಂಬುದು ಅವರ ಚಿಂತೆಯಾಗಿತ್ತು. ಅವರ ಸಮಸ್ಯೆಯಲ್ಲಿ ಎಡಕ್ಕೆ ಆರು ಚಿತ್ರ, ಬಲಕ್ಕೆ ಆರು. ಎಡದ ಆರಕ್ಕೂ ಹೊಂದಿ, ಬಲದ ಒಂದಕ್ಕೂ ಹೊಂದದ ನಿಯಮ ಹೇಳಬೇಕು. ಎಡಗಡೆ ಎಲ್ಲ ತ್ರಿಭುಜ, ಬಲಗಡೆ ಎಲ್ಲ ಚತುರ್ಭುಜ ಎಂಬಂಥ ಸುಲಭದವೂ ಇವೆ, ದಿನಗಟ್ಟಲೆ ಕಾಡುವವೂ ಇವೆ. ನಮ್ಮ ಪ್ರಶ್ನೆಯಲ್ಲಿ ಹೊರಗಿನದಕ್ಕೆ ಇರುವುದು ಒಂದೇ ಮಾದರಿ. ಅದು ಯಾವ ಕಾರಣಕ್ಕೆ ಹೊರಗಿದೆ ಎಂದು ಸಾಕ್ಷಿ ಹೇಳಲು ಇನ್ನೊಬ್ಬರಿಲ್ಲ. ಬೊಂಗಾರ್ಡ್ ಸಮಸ್ಯೆಯಲ್ಲಿ ಹೊರಗಿನವೇ ಆರು ಇರುವುದರಿಂದ ಪುಕ್ಕಟೆ ವಾದಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅಭ್ಯಾಸ ಮಾಡಬೇಕೆನ್ನುವವರಿಗೆ ನಾನು ಹೇಳುವುದು ಅವನ್ನೇ. ಅಲ್ಲಿ ಆಯ್ಕೆಗಳಿಲ್ಲ, ಊಹೆ ನಡೆಯುವುದಿಲ್ಲ, ನಿಯಮವನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನೊಬ್ಬರು ತಾಯಿ. “ಮಗಳು ಆರನೇ ತರಗತಿ. ಇಂಥ ಪ್ರಶ್ನೆಗಳು ಎಷ್ಟು ಮಾಡಿಸಿದರೂ ತಲೆಗೆ ಹತ್ತುತ್ತಿಲ್ಲ. ಇನ್ನಷ್ಟು ಮಾಡಿಸಲೇ?” ಬೇಡ ಅಮ್ಮ, ಸ್ವಲ್ಪ ದಿನ ಬಿಡಿಸುವುದನ್ನು ನಿಲ್ಲಿಸಿ, ತಯಾರಿಸಲು ಹೇಳಿ. ಮೊದಲು ಒಂದು ನಿಯಮವನ್ನು ವಾಕ್ಯದಲ್ಲಿ ಬರೆಯಲಿ. ಅದಕ್ಕೆ ಹೊಂದುವ ನಾಲ್ಕು ಚಿತ್ರ ಬಿಡಿಸಲಿ. ನಾಲ್ಕೂ ಒಂದಕ್ಕೊಂದು ಆದಷ್ಟು ಬೇರೆಯಾಗಿರಲಿ. ಆಮೇಲೆ ನಿಯಮ ಮುರಿಯುವ ಒಂದು ಚಿತ್ರ. ಅದು ನಾಲ್ಕರಲ್ಲಿ ಒಂದಕ್ಕೆ ಆದಷ್ಟು ಹತ್ತಿರವಿರಲಿ. ಆಮೇಲೆ ನಿಮಗೆ ಕೊಡಲಿ. ನೀವು ಬೇರೆ ಉತ್ತರ ಹೇಳಿದರೆ ಒಪ್ಪಿಕೊಳ್ಳುವ ಆತುರ ಬೇಡ, ಅವಳಿಗೂ ಬೇಡ, ನಿಮಗೂ ಬೇಡ. ಯಾರ ನಿಯಮ ಗಟ್ಟಿ ಎಂದು ಇಬ್ಬರೂ ಕೂತು ಚೆನ್ನಾಗಿ ಜಗಳವಾಡಿ.